ಅಣುವಿನೊಳಗಿನ ನೆನಪು: ಅರ್ಧಕ್ಕೆ ಬಿಟ್ಟ ದಾರಿಗೆ ಮತ್ತೆ ಜೀವ

2023ರಲ್ಲಿ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಸಿಕ್ಕ ಮೇಲೆ ತುಮಕೂರಿನ ಕಾಲೇಜುಗಳಲ್ಲೂ ಕ್ಯೂಬಿಟ್ (ಕ್ವಾಂಟಮ್ ಕಂಪ್ಯೂಟರ್ ಮಾಹಿತಿ ಇಡುವ ಚಿಕ್ಕ ಘಟಕ) ಮಾತು ಜಾಸ್ತಿಯಾಗಿದೆ. ಅಣುವಿನ ನ್ಯೂಕ್ಲಿಯರ್ ಸ್ಪಿನ್‌ನಲ್ಲಿ, ಅಂದರೆ ಪರಮಾಣುವಿನ ನ್ಯೂಕ್ಲಿಯಸ್ ಪುಟ್ಟ ಅಯಸ್ಕಾಂತದಂತೆ ವರ್ತಿಸುವ ಗುಣದಲ್ಲಿ, ಮಾಹಿತಿ ಇಡುವ ವಿಷಯ ಬಂದರೆ ಮಾತ್ರ ಗೊಂದಲ. ಕೆಲವರಿಗೆ ಅದು ಮುಗಿದ ಕತೆ, ಕೆಲವರಿಗೆ ಹೊಚ್ಚ ಹೊಸದು.

1946ರಲ್ಲಿ ಬ್ಲಾಕ್ ಮತ್ತು ಪರ್ಸೆಲ್ ತಂಡಗಳು ಎನ್‌ಎಂಆರ್ ತೋರಿಸಿಕೊಟ್ಟವು: ಅಯಸ್ಕಾಂತ ಕ್ಷೇತ್ರದಲ್ಲಿಟ್ಟ ಈ ಸ್ಪಿನ್‌ಗಳು ರೇಡಿಯೋ ತರಂಗಕ್ಕೆ ಸ್ಪಂದಿಸುತ್ತವೆ. 1951ರಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅದನ್ನು ಹರಿಯುವ ದ್ರವದಲ್ಲಿ ಅಳೆದರು. ಆಮೇಲೆ ದಶಕಗಟ್ಟಲೆ ಅದು ಕೆಮಿಸ್ಟ್ರಿಯವರ ಯಂತ್ರವಾಗಿತ್ತು.

1997ರಲ್ಲಿ ಎಲ್ಲ ಬದಲಾಯಿತು. ಕೋರಿ ತಂಡ ಒಂದು ಕಡೆ, ಗರ್ಶೆನ್‌ಫೆಲ್ಡ್ ಮತ್ತು ಚುವಾಂಗ್ ಇನ್ನೊಂದು ಕಡೆ, ಅದೇ ಯಂತ್ರದಲ್ಲಿ ಕ್ವಾಂಟಮ್ ಲೆಕ್ಕ ಮಾಡಬಹುದು ಎಂದರು. ಕ್ಲೋರೋಫಾರ್ಮ್ ತೆಗೆದುಕೊಳ್ಳಿ. ಒಂದು ಹೈಡ್ರೋಜನ್, ಒಂದು ಕಾರ್ಬನ್-13, ಎರಡರ ನ್ಯೂಕ್ಲಿಯಸ್‌ಗಳೂ ಪುಟ್ಟ ಅಯಸ್ಕಾಂತಗಳು, ಅಂದರೆ ಎರಡು ಕ್ಯೂಬಿಟ್. ಬಂಧದ ಎಲೆಕ್ಟ್ರಾನ್‌ಗಳ ಮೂಲಕ ಒಂದರ ದಿಕ್ಕು ಇನ್ನೊಂದರ ಮೇಲೆ ಪರಿಣಾಮ ಮಾಡುತ್ತದೆ. ಈ ಕಪ್ಲಿಂಗ್ ಸುಮಾರು 215 ಹರ್ಟ್ಸ್. ಹಾಗಾಗಿ ಎರಡು ಕ್ಯೂಬಿಟ್‌ಗಳ ನಡುವಿನ ಒಂದು ಹೆಜ್ಜೆಗೆ ಎರಡು ಮಿಲಿಸೆಕೆಂಡ್ ಚಿಲ್ಲರೆ ಸಾಕು. ಸ್ಪಿನ್‌ಗಳ ನೆನಪು, ಅಂದರೆ ಅವುಗಳಲ್ಲಿಟ್ಟ ಕ್ವಾಂಟಮ್ ಸ್ಥಿತಿ, ಅದರ ನೂರು ಪಟ್ಟಿಗಿಂತ ಜಾಸ್ತಿ ಹೊತ್ತು ಉಳಿಯುತ್ತದೆ, ಅದೂ ಮಾಮೂಲಿ ಕೋಣೆಯ ಬಿಸಿಯಲ್ಲಿ! ಎಂಎಸ್ಸಿ ಮಕ್ಕಳು ಸ್ಪೆಕ್ಟ್ರಮ್‌ನಲ್ಲಿ ಪೀಕ್ ಸೀಳಿದ್ದನ್ನು ನೋಡುತ್ತಾರಲ್ವಾ, ಇದೇ ಕಪ್ಲಿಂಗ್ ಅದು. ಪಾಠದಲ್ಲಿ ಇಷ್ಟನ್ನಾದರೂ ಹೇಳಬೇಕು.

ತುಮಕೂರಿನಿಂದ ರೈಲು ಹತ್ತಿ ಯಶವಂತಪುರದಲ್ಲಿ ಇಳಿದರೆ ಹತ್ತಿರವೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅನಿಲ್ ಕುಮಾರ್ ತಂಡವೂ ಆ ಕಾಲದಲ್ಲೇ ಇಂಥ ಪ್ರಯೋಗ ಮಾಡಿತು. ಇದನ್ನು ನಾವು ಬೇಗ ಮರೆತೆವು.

2001ರಲ್ಲಿ ಐಬಿಎಂ ಲ್ಯಾಬ್ ಏಳು ಸ್ಪಿನ್‌ಗಳಿಂದ 15ನ್ನು 3 ಮತ್ತು 5 ಎಂದು ಒಡೆಯಿತು. ದೊಡ್ಡ ಸುದ್ದಿಯಾಯಿತು. ಆಮೇಲೆ ಎಲ್ಲರೂ ಕೇಳಿದ್ದು ಒಂದೇ: ಮುಂದೆ ಎಷ್ಟು ಕ್ಯೂಬಿಟ್? ಉತ್ತರ ಕಷ್ಟವಿತ್ತು. ಈ ಯಂತ್ರ ಓದುವುದು ದ್ರವದ ಕೋಟ್ಯಂತರ ಅಣುಗಳ ಒಟ್ಟು ಸಿಗ್ನಲನ್ನು. 500 ಮೆಗಾಹರ್ಟ್ಸ್ ಯಂತ್ರದಲ್ಲೂ ಲಕ್ಷ ಹೈಡ್ರೋಜನ್ ಸ್ಪಿನ್‌ಗಳಲ್ಲಿ ನಾಲ್ಕರಷ್ಟು ಮಾತ್ರ ಹೆಚ್ಚುವರಿಯಾಗಿ ಒಂದು ಕಡೆ ನಿಲ್ಲುತ್ತವೆ, ಉಳಿದವು ಒಂದನ್ನೊಂದು ರದ್ದು ಮಾಡುತ್ತವೆ. ಸ್ಪಿನ್ ಸೇರಿಸಿದಂತೆಲ್ಲ ಸಿಗ್ನಲ್ ಕುಸಿಯುತ್ತದೆ. ಲೆಕ್ಕ ಮಾಡಲು ಆಗದಿದ್ದರೂ ನೆನಪಿಡಲು ಆಗುತ್ತದೆ ಎಂಬ ಮಾತಿಗೆ ಆಗ ಸಿಗಬೇಕಾದಷ್ಟು ಗಮನ ಸಿಗಲಿಲ್ಲ.

2017ರಲ್ಲಿ ಸೋಡಿಯಂ-ಪೊಟ್ಯಾಸಿಯಂ ಅಣುಗಳನ್ನು ವಿಪರೀತ ತಣ್ಣಗೆ ಮಾಡಿದ ಅಮೆರಿಕದ ಎಂಐಟಿ ತಂಡ, ಅವುಗಳ ನ್ಯೂಕ್ಲಿಯರ್ ಸ್ಪಿನ್‌ನಲ್ಲಿ ಕ್ವಾಂಟಮ್ ಸ್ಥಿತಿ ಸೆಕೆಂಡಿನಷ್ಟು ಹೊತ್ತು ಉಳಿಯುವುದನ್ನು ತೋರಿಸಿತು. ಒಂದೊಂದೇ ಅಣುವನ್ನು ಲೇಸರ್ ಬೆಳಕಿನಲ್ಲಿ ಹಿಡಿದು ನಿಲ್ಲಿಸುವುದೂ ಈಗ ಆಗುತ್ತಿದೆ. ಒಂದೇ ಅಣುವನ್ನು ಬೇಕಾದ ಸ್ಥಿತಿಗೆ ತಂದು ಓದಬಹುದಾದರೆ, ಲಕ್ಷಕ್ಕೆ ನಾಲ್ಕರ ಹಳೇ ಅಡ್ಡಿ ಅಲ್ಲಿ ಬರುವುದಿಲ್ಲ.