ಹೆಗಲಿನಿಂದ ಗುಡಿಗೆ: ಗ್ರೀಕ್ ಹೆಂಗಸರ ಕಂಚಿನ ಪಿನ್ನುಗಳು

ಪ್ರಾಚೀನ ಗ್ರೀಸಿನ ಹೆಂಗಸರು ಉಡುತ್ತಿದ್ದ ಪೆಪ್ಲೊಸ್‌ಗೆ ಹೊಲಿಗೆಯ ಹಂಗು ಅಷ್ಟಾಗಿ ಇರಲಿಲ್ಲ. ಆಯತಾಕಾರದ ದಪ್ಪ ಉಣ್ಣೆಬಟ್ಟೆಯನ್ನು ಮೈಗೆ ಸುತ್ತಿ, ಹಿಂದಿನ ಅಂಚನ್ನೂ ಮುಂದಿನ ಅಂಚನ್ನೂ ಎರಡು ಹೆಗಲ ಮೇಲೆ ಪಿನ್ನಿನಿಂದ ಚುಚ್ಚಿ ಸೇರಿಸಿದರೆ ಆಯಿತು. ಮಾನ ಕಾಯುತ್ತಿದ್ದ ಈ ಪಿನ್ನನ್ನೇ ಅವರು ದೇವಿಗೆ ಹರಕೆಯಾಗಿ ಒಪ್ಪಿಸುತ್ತಿದ್ದರು. ಆರ್ಗೋಸ್ ಬಳಿಯ ಹೇರಾ ದೇವಿಯ ಗುಡಿ, ಕೊರಿಂಥ್ ಬಳಿಯ ಪೆರಾಕೋರಾದ ಹೇರಾ ಗುಡಿ, ಸ್ಪಾರ್ಟಾದ ಆರ್ಟೆಮಿಸ್ ಓರ್ಥಿಯಾ ದೇವಿಯ ಗುಡಿಗಳ ಉತ್ಖನನದಲ್ಲಿ ಇವು ರಾಶಿರಾಶಿಯಾಗಿ ಸಿಕ್ಕಿವೆ.

ಕ್ರಿ.ಪೂ. 8ನೇ ಶತಮಾನದ ಒಂದು ಪಿನ್ನನ್ನು ಹತ್ತಿರದಿಂದ ನೋಡಿ. ತುದಿಯಲ್ಲಿ ಪುಟ್ಟ ಬಿಲ್ಲೆ, ಅದರ ಕೆಳಗೆ ಗುಂಡು, ಆಮೇಲೆ ಚೌಕದ ಕಡ್ಡಿ. ಕೆಳಕ್ಕೆ ಬಂದಂತೆ ಅದು ದುಂಡಗಾಗಿ ಚೂಪಾಗುತ್ತದೆ. ಚೌಕದ ಮುಖಗಳ ಮೇಲಿನ ಅಂಕುಡೊಂಕು ಗೆರೆಯನ್ನು ಸಣ್ಣ ಉಳಿಯನ್ನು ಎಡಕ್ಕೂ ಬಲಕ್ಕೂ ತೂಗಾಡಿಸುತ್ತ ಮುಂದೆ ಸರಿಸಿ ಕೊರೆದಿದ್ದಾರೆ. ತಾಮ್ರಕ್ಕೆ ಸುಮಾರು ಹತ್ತನೇ ಒಂದು ಪಾಲು ತವರ ಬೆರೆತರೆ ಒಳ್ಳೆಯ ಕಂಚು; ತವರ ಹೆಚ್ಚಾದಷ್ಟೂ ಲೋಹ ಪೆಡಸಾಗುತ್ತದೆ. ಉದ್ದನೆಯ ಸಪೂರ ಅಚ್ಚಿನಲ್ಲಿ ಎರಕ ತುದಿ ಮುಟ್ಟುವ ಮೊದಲೇ ಹೆಪ್ಪುಗಟ್ಟಬಹುದು. ದಪ್ಪ ಕಡ್ಡಿ ಎರೆದು ಬಡಿದು ನೀಳಗೊಳಿಸಿದರೆ ಆ ತೊಂದರೆಯಿಲ್ಲ, ಆದರೆ ಬಡಿದಷ್ಟೂ ಕಂಚು ಗಡುಸಾಗುವುದರಿಂದ ನಡುನಡುವೆ ಕೆಂಪಗೆ ಕಾಯಿಸಬೇಕು. ಇಲ್ಲವಾದರೆ ಬಿರುಕು ಖಚಿತ. ಕೆಲವದರಲ್ಲಿ ಕಡ್ಡಿ ಕಬ್ಬಿಣದ್ದು, ಗುಂಡು ಮಾತ್ರ ಕಂಚಿನದು. ಅಂಥವು ಮಣ್ಣಿನಲ್ಲಿ ಬೇಗ ಕೆಡುತ್ತವೆ: ತುಕ್ಕು ಒಳಗಿಂದ ಉಬ್ಬಿ ಗುಂಡನ್ನೇ ಸೀಳುತ್ತದೆ.

ಹೆಗಲಿನಿಂದ ಕಳಚಿ ಕೊಟ್ಟದ್ದೋ, ಹರಕೆಗೆಂದೇ ಮಾಡಿಸಿದ್ದೋ? ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಪ್ರಶ್ನೆ ಇದು. ಬಟ್ಟೆ ಉಜ್ಜಿ ಸವೆದ ಗೆರೆಗಳು, ಬಾಗಿದ್ದನ್ನು ನೆಟ್ಟಗೆ ಮಾಡಿದ ಗುರುತು, ರಿಪೇರಿ ಇದ್ದರೆ ಅದು ತೊಟ್ಟ ಪಿನ್ನು. ಹೆಗಲಿಗೆ ಹೊಂದದಷ್ಟು ಉದ್ದ, ಭಾರ ಇದ್ದರೆ ದೇವಿಗೆಂದೇ ಮಾಡಿದ್ದಿರಬೇಕು. ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳುವ ಪ್ರಕಾರ, ಐಜೀನಾ ದ್ವೀಪದ ಮೇಲೆ ದಂಡೆತ್ತಿ ಹೋಗಿ ಒಬ್ಬನೇ ಬದುಕಿ ಮರಳಿದ ಅಥೆನ್ಸಿನವನನ್ನು, ಸತ್ತವರ ಹೆಂಡತಿಯರು "ನನ್ನ ಗಂಡನೆಲ್ಲಿ?" ಎಂದು ಕೇಳುತ್ತ ಉಡುಪಿನ ಪಿನ್ನುಗಳಿಂದಲೇ ಇರಿದು ಕೊಂದರು. ಆಮೇಲೆ ಅಥೆನ್ಸಿನ ಹೆಂಗಸರಿಗೆ ಪಿನ್ನು ಬೇಡದ ನಾರುಬಟ್ಟೆಯ ಉಡುಪು ಬಂತು. ಆರ್ಗೋಸ್ ಮತ್ತು ಐಜೀನಾದವರು ಮಾತ್ರ ಪಿನ್ನುಗಳನ್ನು ಒಂದೂವರೆ ಪಟ್ಟು ಉದ್ದ ಮಾಡಿ, ಡಾಮಿಯಾ ಮತ್ತು ಔಕ್ಸೇಸಿಯಾ ದೇವಿಯರಿಗೆ ಹೆಂಗಸರು ಮುಖ್ಯವಾಗಿ ಅವನ್ನೇ ಅರ್ಪಿಸುವಂತೆ ಕಟ್ಟಳೆ ಮಾಡಿದರು. ಕಥೆ ಪೂರ್ತಿ ನಿಜವಿರಲಾರದು. ಉದ್ದನೆಯ ಪಿನ್ನುಗಳು ಅದಕ್ಕೂ ಮೊದಲೇ, ಕ್ರಿ.ಪೂ. 8ನೇ ಶತಮಾನದ ಗೋರಿಗಳಲ್ಲೂ ಸಿಗುತ್ತವೆ.

ದೇವಿಗೆ ಕೊಟ್ಟದ್ದು ದೇವಿಯದೇ. ಗುಡಿಯಲ್ಲಿ ಜಾಗ ಸಾಲದಾದಾಗ ಹಳೆಯ ಹರಕೆಗಳನ್ನು ಆವರಣದೊಳಗೇ ಗುಂಡಿ ತೋಡಿ ಹೂಳುತ್ತಿದ್ದರು. ಹಾಗೆ ಸಿಕ್ಕ ಪಿನ್ನಿನ ಹಸಿರು ಕಿಲುಬನ್ನು ಹುಣಸೆಹುಳಿಯಂಥ ಆಮ್ಲ ಹಾಕಿ ಉಜ್ಜಬಾರದು. ಕಂಚಿಗೆ ಅಂಟಿದ ಬಟ್ಟೆಯ ಎಳೆಗಳು ಕೆಲವೊಮ್ಮೆ ಆ ಕಿಲುಬಿನೊಳಗೇ ಲವಣವಾಗಿ ಗಟ್ಟಿಯಾಗಿ ಉಳಿದಿರುತ್ತವೆ. ಸೂಕ್ಷ್ಮದರ್ಶಕದಡಿ ನೂಲಿನ ಹುರಿ, ನೇಯ್ಗೆ ಎರಡೂ ಕಾಣುತ್ತವೆ. ಪಿನ್ನಿನ ಜೊತೆ ಬಟ್ಟೆಯೂ ಇತ್ತೇ ಎಂಬುದಕ್ಕೆ ಸಿಗುವ ನೇರ ಪುರಾವೆ ಅದು.