ಕಪ್ ಪಂದ್ಯದ ಖಾಲಿ ಗ್ಯಾಲರಿ: ನಮ್ಮ ಓದಿನ ಗುಂಪಿಗೆ ಒಂದು ಟಿಪ್ಪಣಿ

ಗೆಳೆಯರೇ, ಹೋದ ಶನಿವಾರ ನಾವು ಅರ್ಧಕ್ಕೆ ಬಿಟ್ಟ ಪ್ರಶ್ನೆ ನೆನಪಿದೆಯಲ್ಲ: ಫುಟ್‌ಬಾಲ್‌ನ ದೇಶೀಯ ಕಪ್ ಟೂರ್ನಿಗಳ ಮಹತ್ವ ಕುಸಿದದ್ದಕ್ಕೆ ಜನ ಬರುವುದು ಕಡಿಮೆಯಾಯಿತೋ, ಜನ ಬರದೇ ಹೋದದ್ದಕ್ಕೆ ಮಹತ್ವ ಕುಸಿಯಿತೋ? ನಮ್ಮ ನೋಟ್ಸಿನಲ್ಲಿ ಎರಡನ್ನೂ ಒಂದೇ ಸಾಲಿಗೆ ಸೇರಿಸಿ ಮುಗಿಸಿದ್ದೆವು. ಮನೆಗೆ ಬಂದು ಓದಿದಷ್ಟೂ ಆ ಸಾಲು ನನಗೆ ಒಪ್ಪಿಗೆಯಾಗಲಿಲ್ಲ. ಅದಕ್ಕೇ ಈ ಟಿಪ್ಪಣಿ.

ನನ್ನ ಕಣ್ಣಾರೆ ಕಂಡ ಎರಡು ಪಂದ್ಯಗಳಿಂದ ಶುರು ಮಾಡುತ್ತೇನೆ.

2025ರ ಕೊನೆಯಲ್ಲಿ ದೇಶದ ಕ್ಲಬ್ಬುಗಳ ಸೂಪರ್ ಕಪ್ ಗೋವಾದಲ್ಲಿ ನಡೆಯಿತು. ಕಾರವಾರದಿಂದ ಮಡಗಾಂವ್‌ಗೆ ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ವಾರದ ನಡುವಿನ ಒಂದು ದಿನ ಅಲ್ಲಿನ ಫತೋರ್ಡಾ ಮೈದಾನಕ್ಕೆ ಹೋದೆ. ಗುಂಪು ಹಂತದ ಪಂದ್ಯ, ಆಡುತ್ತಿದ್ದ ಎರಡೂ ತಂಡ ಹೊರ ರಾಜ್ಯದವು. ಮೈದಾನ ಹಸಿರಾಗಿತ್ತು, ದೀಪಗಳು ಝಗಮಗ ಎನ್ನುತ್ತಿದ್ದವು, ರಾಷ್ಟ್ರೀಯ ತಂಡಕ್ಕೆ ಆಡಿದ ಆಟಗಾರರೂ ಇದ್ದರು. ಆದರೆ ಗೋಲ್‌ಕೀಪರ್ ತನ್ನ ಡಿಫೆಂಡರ್‌ಗಳಿಗೆ ಕೂಗಿ ಹೇಳುತ್ತಿದ್ದ ಮಾತು ಗ್ಯಾಲರಿಯ ಮೇಲಿನ ಸಾಲಿನವರೆಗೂ ಸ್ಪಷ್ಟವಾಗಿ ಕೇಳುತ್ತಿತ್ತು. ಚೆಂಡಿಗೆ ಬೂಟು ತಾಗಿದ ಸದ್ದು ಒಂದೊಂದೂ ಬೇರೆಬೇರೆಯಾಗಿ ಕಿವಿಗೆ ಬೀಳುತ್ತಿತ್ತು.

ಅದಾಗಿ ಸ್ವಲ್ಪ ದಿನಕ್ಕೆ ಕಾಳಿ ನದಿಯಾಚೆ, ಸದಾಶಿವಗಡದ ಕಡೆಯ ಒಂದು ಊರಿನಲ್ಲಿ ಹೊನಲು ಬೆಳಕಿನ ನಾಕೌಟ್ ಪಂದ್ಯಾವಳಿ. ಗೋಲ್ ಕಂಬಕ್ಕೆ ಕಟ್ಟಿದ್ದು ಮೀನು ಹಿಡಿದು ಹಳತಾದ ಬಲೆ. ಅದರ ಎರಡು ಕಡೆ ಹರಿದಲ್ಲಿ ನೀಲಿ ನೂಲಿನಿಂದ ಹೊಲಿದಿದ್ದರು. ಮೈಕಿನವರು ಒಂದು ವಾಕ್ಯ ಕನ್ನಡದಲ್ಲಿ, ಇನ್ನೊಂದು ಕೊಂಕಣಿಯಲ್ಲಿ ಹೇಳುತ್ತಿದ್ದರು. ಬಹುಮಾನ ಕೆಲವು ಸಾವಿರ ರೂಪಾಯಿ ಮತ್ತು ಶಾಶ್ವತ ಫಲಕ. ಕುಳಿತುಕೊಳ್ಳಲು ಜಾಗವಿಲ್ಲದೆ ಹುಡುಗರು ಕಾಂಪೌಂಡಿನ ಮೇಲೆ, ಟೆಂಪೋದ ಮೇಲೆ ಹತ್ತಿದ್ದರು. ನನ್ನ ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬರು ಸೆಮಿಫೈನಲ್‌ನ ಪೆನಾಲ್ಟಿ ಹೊತ್ತಿಗೆ ಸೆರಗಿನಿಂದ ಮುಖ ಮುಚ್ಚಿಕೊಂಡು, "ಹೋಯ್ತೋ ಬಂತೋ ಹೇಳು ಮಗಾ" ಎಂದು ಕೇಳುತ್ತಲೇ ಇದ್ದರು. ಅವರ ಮೊಮ್ಮಗ ಆ ತಂಡದಲ್ಲಿದ್ದ.

ಎರಡೂ ಕಪ್ ಪಂದ್ಯಗಳೇ. ಆಟದ ಗುಣಮಟ್ಟ ನೋಡಿದರೆ ಹೋಲಿಕೆಯೇ ಇಲ್ಲ. ಹಾಗಾದರೆ ಜನರನ್ನು ಎಳೆದು ತರುವುದು ಯಾವುದು?

ಮೊದಲು ಎರಡು ಮಾತನ್ನು ಬೇರ್ಪಡಿಸಿಕೊಳ್ಳೋಣ

ಪ್ರೇಕ್ಷಕರ ಸಂಖ್ಯೆ ಒಂದು, ಟೂರ್ನಿಯ ಪ್ರತಿಷ್ಠೆ ಇನ್ನೊಂದು. ಇವು ಯಾವಾಗಲೂ ಒಟ್ಟಿಗೆ ಏರಿಳಿಯುವುದಿಲ್ಲ. ಇಂಗ್ಲೆಂಡಿನ ಎಫ್‌ಎ ಕಪ್ ಫೈನಲ್‌ಗೆ ಇವತ್ತಿಗೂ ಲಂಡನ್ನಿನ ವೆಂಬ್ಲಿ ಮೈದಾನ ತುಂಬುತ್ತದೆ. ಹಾಗಿದ್ದೂ ಆ ಕಪ್ಪಿನ ತೂಕ ಹಿಂದಿನಷ್ಟಿಲ್ಲ ಎಂಬುದನ್ನು ಅಲ್ಲಿನವರೇ ಹೇಳುತ್ತಾರೆ. ಇಳಿಕೆ ಕಾಣುವುದು ಆರಂಭದ ಸುತ್ತುಗಳಲ್ಲಿ, ದೊಡ್ಡ ಕ್ಲಬ್ಬುಗಳು ಇಳಿಸುವ ತಂಡದಲ್ಲಿ. ಪರೀಕ್ಷೆಯಲ್ಲಿ ಬರೆಯುವಾಗ ಈ ಭೇದ ಮೊದಲ ಪ್ಯಾರಾದಲ್ಲೇ ಬರಲಿ, ಇಲ್ಲದಿದ್ದರೆ ಮುಂದಿನ ವಾದವೆಲ್ಲ ಕಲಸಿಹೋಗುತ್ತದೆ.

ನಮ್ಮ ದೇಶದ ಕಪ್ಪುಗಳು: ಲೀಗ್ ಇಲ್ಲದ ಕಾಲ

ಡ್ಯುರಾಂಡ್ ಕಪ್ 1888ರಲ್ಲಿ ಶಿಮ್ಲಾದಲ್ಲಿ ಶುರುವಾಯಿತು, ಏಷ್ಯಾದಲ್ಲೇ ಹಳೆಯದು. ಮುಂಬೈಯ ರೋವರ್ಸ್ ಕಪ್ 1891ರದು, ಕೋಲ್ಕತ್ತದ ಐಎಫ್‌ಎ ಶೀಲ್ಡ್ 1893ರದು. 1911ರಲ್ಲಿ ಕೋಲ್ಕತ್ತದ ಮೋಹನ್ ಬಾಗಾನ್ ತಂಡ, ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಬರಿಗಾಲಲ್ಲಿ ಆಡಿ, ಬ್ರಿಟಿಷ್ ಸೇನೆಯ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು ಸೋಲಿಸಿದ್ದು ಈ ಶೀಲ್ಡ್‌ನಲ್ಲೇ. ನಮ್ಮವರು ನೆನಪಿಡಬೇಕಾದ ಇನ್ನೊಂದು ವಿಷಯ: ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ.

ಫೆಡರೇಶನ್ ಕಪ್ 1977ರಲ್ಲಿ ಬಂತು. ಮೊದಲ ವರ್ಷ ಗೆದ್ದದ್ದು ಬೆಂಗಳೂರಿನ ಕಾರ್ಖಾನೆ ತಂಡ ಐಟಿಐ, ಫೈನಲ್‌ನಲ್ಲಿ ಸೋತದ್ದು ಮೋಹನ್ ಬಾಗಾನ್. 2017ರಲ್ಲಿ ಈ ಕಪ್ ಕೊನೆಯ ಸಲ ನಡೆದಾಗಲೂ ಗೆದ್ದದ್ದು ಬೆಂಗಳೂರು ಎಫ್‌ಸಿ, ಸೋತದ್ದು ಅದೇ ಮೋಹನ್ ಬಾಗಾನ್. ಆರಂಭ ಮತ್ತು ಅಂತ್ಯ ಎರಡರಲ್ಲೂ ನಮ್ಮ ರಾಜ್ಯದ ತಂಡವಿತ್ತು ಎನ್ನುವಾಗ ನನಗೆ ಹೆಮ್ಮೆಯ ಜೊತೆಗೇ ಸಂಕಟವೂ ಆಗುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿ, 1996ರವರೆಗೆ ನಮ್ಮಲ್ಲಿ ರಾಷ್ಟ್ರೀಯ ಲೀಗ್ (ಎಲ್ಲ ತಂಡಗಳೂ ಪರಸ್ಪರ ಆಡಿ ಅಂಕಗಳ ಮೇಲೆ ಗೆಲ್ಲುವ ಟೂರ್ನಿ) ಎಂಬುದೇ ಇರಲಿಲ್ಲ. ದೇಶದ ಅತ್ಯುತ್ತಮ ಕ್ಲಬ್ ಯಾವುದು ಎಂದು ಕೇಳಿದರೆ ಉತ್ತರ ಕಪ್ಪಿನಿಂದಲೇ ಬರಬೇಕಿತ್ತು. ಲೀಗ್ ಆಗಷ್ಟೇ ಬಂದಿದ್ದ 1997ರ ಜುಲೈ 13ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಮೈದಾನದಲ್ಲಿ ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಾಗಾನ್ ಆಡಿದಾಗ ಸೇರಿದ ಜನ ಸುಮಾರು 1,31,000. ಬೈಚುಂಗ್ ಭುಟಿಯಾ ಮೂರು ಗೋಲು ಹೊಡೆದರು, ಈಸ್ಟ್ ಬೆಂಗಾಲ್ 4-1ರಿಂದ ಗೆದ್ದಿತು. ಅದು ಲೀಗ್ ಪಂದ್ಯವಾಗಿರಲಿಲ್ಲ, ಫೈನಲ್ಲೂ ಆಗಿರಲಿಲ್ಲ. ಫೆಡರೇಶನ್ ಕಪ್‌ನ ಸೆಮಿಫೈನಲ್. "ನಾಕೌಟ್ ಕಪ್ಪಿಗೆ ಭಾರತದಲ್ಲಿ ಜನ ಬರುವುದಿಲ್ಲ" ಎಂದು ಯಾರಾದರೂ ಹೇಳಿದರೆ ಈ ಒಂದು ಅಂಕಿ ಸಾಕು.

ಆ ರಾಷ್ಟ್ರೀಯ ಲೀಗ್‌ನ ಜಾಗಕ್ಕೆ 2007ರಲ್ಲಿ ಐ-ಲೀಗ್, ಆಮೇಲೆ 2014ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಬಂದವು. ಹೊಸ ಶತಮಾನ ಹುಟ್ಟುವ ಹೊತ್ತಿಗೇ ರೋವರ್ಸ್ ಕಪ್ ನಿಂತಿತು. ಫೆಡರೇಶನ್ ಕಪ್‌ನ ಜಾಗಕ್ಕೆ 2018ರಲ್ಲಿ ಸೂಪರ್ ಕಪ್ ಬಂತು, ಮೊದಲ ಸಲ ಅದನ್ನೂ ಬೆಂಗಳೂರು ಎಫ್‌ಸಿ ಗೆದ್ದಿತು. 2019ರಲ್ಲಿ ಹಲವು ಐ-ಲೀಗ್ ಕ್ಲಬ್ಬುಗಳು ಆ ಟೂರ್ನಿಯನ್ನೇ ಬಹಿಷ್ಕರಿಸಿದವು. 2025ರ ಡ್ಯುರಾಂಡ್‌ಗೆ ಐಎಸ್‌ಎಲ್‌ನ 13 ಕ್ಲಬ್ಬುಗಳಲ್ಲಿ ಬಂದವು ಆರೇ. ಬೆಂಗಳೂರು ಎಫ್‌ಸಿಯೂ ಬರಲಿಲ್ಲ, ಎಫ್‌ಸಿ ಗೋವಾವೂ ಬರಲಿಲ್ಲ.

ಪ್ರೇಕ್ಷಕ ಓದುವುದು ತಂಡದ ಪಟ್ಟಿಯನ್ನು

ಇಂಗ್ಲೆಂಡಿನ ಉದಾಹರಣೆಯಲ್ಲಿ ಈ ಇಳಿಕೆ ಹೇಗೆ ನಡೆಯುತ್ತದೆ ಎಂಬುದು ಬಿಡಿಬಿಡಿಯಾಗಿ ಕಾಣುತ್ತದೆ. ಎಫ್‌ಎ ಕಪ್ 1871-72ರಲ್ಲಿ ಶುರುವಾದದ್ದು. ದಶಕಗಳ ಕಾಲ ವರ್ಷದಲ್ಲಿ ಟಿವಿಯಲ್ಲಿ ನೇರವಾಗಿ ಕಾಣುತ್ತಿದ್ದ ಕೆಲವೇ ಪಂದ್ಯಗಳಲ್ಲಿ ಅದರ ಫೈನಲ್ ಒಂದು, ಆದ್ದರಿಂದ ಆ ದಿನ ಹಬ್ಬ. 1992ರಲ್ಲಿ ಪ್ರೀಮಿಯರ್ ಲೀಗ್ ಬಂದ ಮೇಲೆ ಪ್ರತಿ ವಾರವೂ ನೇರ ಪ್ರಸಾರ, ಅದಕ್ಕೆ ತಕ್ಕ ಹಣ. ಈಗ ಪ್ರೀಮಿಯರ್ ಲೀಗ್‌ನಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದ ಕ್ಲಬ್ಬಿಗೂ ಒಂದು ಹಂಗಾಮಿಗೆ 10 ಕೋಟಿ ಪೌಂಡ್‌ಗಿಂತ ಹೆಚ್ಚು ಸಿಗುತ್ತದೆ. ಎಫ್‌ಎ ಕಪ್ ಫೈನಲ್ ಗೆದ್ದರೆ ಸಿಗುವುದು ಸುಮಾರು 20 ಲಕ್ಷ ಪೌಂಡ್. ಲೀಗ್‌ನಲ್ಲಿ 15ನೇ ಸ್ಥಾನದಲ್ಲಿರುವ ತಂಡದ ಮ್ಯಾನೇಜರ್ ಬುಧವಾರದ ಕಪ್ ಪಂದ್ಯಕ್ಕೆ ಯಾರನ್ನು ಇಳಿಸುತ್ತಾನೆ ಎಂದು ನೀವೇ ಊಹಿಸಿ. ಮೊದಲ ಹನ್ನೊಂದು ಜನರಿಗೆ ವಿಶ್ರಾಂತಿ. 1999-2000ರಲ್ಲಂತೂ ಹಿಂದಿನ ವರ್ಷ ಕಪ್ ಗೆದ್ದಿದ್ದ ಮ್ಯಾಂಚೆಸ್ಟರ್ ಯುನೈಟೆಡ್ ಬ್ರೆಜಿಲ್‌ನ ಕ್ಲಬ್ ವಿಶ್ವಕಪ್‌ಗಾಗಿ ಎಫ್‌ಎ ಕಪ್ಪನ್ನೇ ಬಿಟ್ಟಿತು.

ನಮ್ಮ ಕಡೆಯವರಿಗೆ ಇದನ್ನು ಯಕ್ಷಗಾನದ ಮೂಲಕ ಹೇಳಿದರೆ ಬೇಗ ತಿಳಿಯುತ್ತದೆ. ಹ್ಯಾಂಡ್‌ಬಿಲ್‌ನಲ್ಲಿ ಹೆಸರಿದ್ದ ಭಾಗವತರು, ಹೆಸರಿದ್ದ ವೇಷಧಾರಿ ಬರಲಿಲ್ಲವೆಂದರೆ ಟಿಕೆಟ್ ಆಟಕ್ಕೆ ಜನ ಒಂದು ಸಲ ಸುಮ್ಮನಿರುತ್ತಾರೆ, ಎರಡನೇ ಸಲ ಬರುವುದಿಲ್ಲ. ಬದಲಿಗೆ ಬಂದ ಹುಡುಗ ಚೆನ್ನಾಗಿ ಕುಣಿದರೂ ಅಷ್ಟೆ. ಮೇಳದವರೇ ಈ ಆಟವನ್ನು ಹಗುರವಾಗಿ ಕಂಡರಲ್ಲ ಎಂಬ ಬೇಸರ ಉಳಿದುಬಿಡುತ್ತದೆ. ಡ್ಯುರಾಂಡ್‌ಗೆ ಕ್ಲಬ್ಬುಗಳು ರಿಸರ್ವ್ ತಂಡ ಕಳಿಸಿದಾಗ ಆಗುವುದೂ ಇದೇ. ಬೆಲೆ ಮೊದಲು ಕ್ಲಬ್ಬಿನೊಳಗೆ ಬೀಳುತ್ತದೆ, ಗ್ಯಾಲರಿಯಲ್ಲಿ ಆಮೇಲೆ ಕಾಣುತ್ತದೆ. ಶನಿವಾರದ ಪ್ರಶ್ನೆಗೆ ನನ್ನ ಉತ್ತರದ ಮೊದಲ ಭಾಗ ಇದು.

ಮೇಲಕ್ಕೆ ಹೋಗುವ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಡ್ಯುರಾಂಡ್ ಗೆದ್ದರೆ ಏಷ್ಯಾ ಮಟ್ಟದ ಟೂರ್ನಿಗೆ ಪ್ರವೇಶ ಇಲ್ಲ. 2025ರ ಏಪ್ರಿಲ್-ಮೇ ಹೊತ್ತಿನ ಸೂಪರ್ ಕಪ್‌ಗೆ ಅದು ಇತ್ತು. ಅದನ್ನು ಗೆದ್ದ ಎಫ್‌ಸಿ ಗೋವಾ ಆಗಸ್ಟ್‌ನಲ್ಲಿ ಒಮಾನಿನ ಅಲ್ ಸೀಬ್ ತಂಡವನ್ನು ಸೋಲಿಸಿ ಎಎಫ್‌ಸಿ ಚಾಂಪಿಯನ್ಸ್ ಲೀಗ್ 2ರ ಗುಂಪು ಹಂತ ಸೇರಿತು. ಅಕ್ಟೋಬರ್ 22ರಂದು ಸೌದಿಯ ಅಲ್ ನಸ್ರ್ ತಂಡ ಫತೋರ್ಡಾಕ್ಕೇ ಬಂದು ಆಡಿತು. ರೊನಾಲ್ಡೊ ಬರಲಿಲ್ಲ, ಗೋವಾ 1-2ರಿಂದ ಸೋತಿತು, ನಿಜ. ಆದರೂ ಒಂದು ಕಪ್ಪಿನಿಂದ ನಮ್ಮ ಪಕ್ಕದ ಊರಿಗೆ ಅಂಥ ತಂಡ ಬಂತಲ್ಲ! ಕಪ್ಪಿಗೆ ಬಾಗಿಲಿದ್ದರೆ ಅದಕ್ಕೆ ಬೆಲೆಯಿದೆ.

ಮಂಜೇರಿ ಮತ್ತು ರಿಯಾದ್

ಎರಡನೆಯ ಭಾಗ ನನಗೆ ಬಹಳ ಹತ್ತಿರದ್ದು, ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಸಂತೋಷ್ ಟ್ರೋಫಿ ರಾಜ್ಯಗಳ ನಡುವಿನ ಟೂರ್ನಿ, 1941ರಿಂದ ಇದೆ. ಹಣ, ಪ್ರಚಾರ, ತಾರೆಯರು, ಏಷ್ಯಾಕ್ಕೆ ದಾರಿ, ಇದಾವುದೂ ಅದಕ್ಕೆ ಇವತ್ತು ಇಲ್ಲ. ಪ್ರತಿಷ್ಠೆಯ ಲೆಕ್ಕದಲ್ಲಿ ನೋಡಿದರೆ ಗ್ಯಾಲರಿ ಖಾಲಿ ಇರಬೇಕು. 2022ರಲ್ಲಿ ಅದರ ಕೊನೆಯ ಹಂತ ಕೇರಳದ ಮಲಪ್ಪುರಂ ಜಿಲ್ಲೆಯ ಮಂಜೇರಿಯಲ್ಲಿ ನಡೆಯಿತು. ರಂಜಾನ್ ಉಪವಾಸದ ತಿಂಗಳು. ಸೆಮಿಫೈನಲ್‌ನಲ್ಲಿ ಕೇರಳದ ಎದುರಾಳಿ ನಮ್ಮ ಕರ್ನಾಟಕವೇ. ಮೊದಲ ಗೋಲು ನಮ್ಮದು. ಆಮೇಲೆ ಬದಲಿ ಆಟಗಾರನಾಗಿ ಬಂದ ಜೆಸಿನ್ ಐದು ಗೋಲು ಹೊಡೆದು ಪಂದ್ಯ 7-3 ಆಯಿತು. ಮೇ 2ರ ಫೈನಲ್‌ನಲ್ಲಿ ಕೇರಳ ಪೆನಾಲ್ಟಿಯಲ್ಲಿ ಬಂಗಾಳವನ್ನು ಸೋಲಿಸಿತು. ಪಯ್ಯನಾಡ್ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ.

ಮುಂದಿನ ವರ್ಷ ಅದೇ ಟೂರ್ನಿಯ ಸೆಮಿಫೈನಲ್ ಮತ್ತು ಫೈನಲ್‌ಗಳನ್ನು ಸೌದಿ ಅರೇಬಿಯಾದ ರಿಯಾದ್‌ಗೆ ಒಯ್ದರು. 2023ರ ಮಾರ್ಚ್ 4ರಂದು ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಕಪ್ ಎತ್ತಿತು. 1968-69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಗೆದ್ದ ಮೇಲೆ ಬಂದ ಮೊದಲ ಗೆಲುವು, 54 ವರ್ಷದ ಮೇಲೆ! ಆ ಗೆಲುವನ್ನು ಬೆಂಗಳೂರಿನ ಆಸ್ಟಿನ್ ಟೌನಿನವರು, ಗೌತಮಪುರದವರು, ಮಂಗಳೂರಿನವರು, ನಮ್ಮ ಕಾರವಾರದವರು ಯಾರೂ ಬಸ್ಸು ಹತ್ತಿ ಹೋಗಿ ನೋಡುವ ಹಾಗಿರಲಿಲ್ಲ. ನಾನು ನೋಡಿದ್ದು ಅಂಗೈಯಗಲದ ಮೊಬೈಲಿನಲ್ಲಿ, ನೆಟ್‌ವರ್ಕ್ ಸಿಗಲೆಂದು ಮನೆಯ ಹಿಂದಿನ ಕಟ್ಟೆಯ ಮೇಲೆ ನಿಂತು. ಕೊನೆಯ ಸೀಟಿಯ ಹೊತ್ತಿಗೆ ಕಣ್ಣು ತುಂಬಿತ್ತು, ಅಪ್ಪಿಕೊಳ್ಳಲು ಪಕ್ಕದಲ್ಲಿ ಒಬ್ಬರೂ ಇರಲಿಲ್ಲ.

ಅದೇ ಟ್ರೋಫಿ, ಅದೇ ಮಟ್ಟದ ಆಟಗಾರರು, ನಡುವೆ ಒಂದೇ ವರ್ಷ. ಬದಲಾದದ್ದು ಊರು ಮತ್ತು ಹೊತ್ತು. ಆದ್ದರಿಂದ ಉತ್ತರದ ಎರಡನೇ ಭಾಗ: ಪ್ರತಿಷ್ಠೆ ಇಳಿದ ಕಪ್ಪಿಗೂ ತನ್ನವರು ಆಡುತ್ತಿದ್ದರೆ, ಹೋಗಿ ಬರಲು ಆಗುವಂತಿದ್ದರೆ ಜನ ಬರುತ್ತಾರೆ. ಎಲ್ಲ ತಂಡಗಳನ್ನೂ ಒಂದೇ ಊರಿಗೆ ತಂದು, ಜನ ಕೆಲಸದಲ್ಲಿರುವ ಹೊತ್ತಿನಲ್ಲಿ ಆಡಿಸಿದರೆ ದೊಡ್ಡ ಕ್ಲಬ್ಬುಗಳಿದ್ದರೂ ಫತೋರ್ಡಾದ ಆ ಸಂಜೆಯೇ ಆಗುತ್ತದೆ. ಸಂಘಟಕರಿಗೆ ಖರ್ಚು ಉಳಿಯುತ್ತದೆ, ಪ್ರಸಾರಕ್ಕೆ ಅನುಕೂಲ, ಅದು ನನಗೂ ಗೊತ್ತು. ಆದರೆ ಆ ಉಳಿತಾಯದ ಬೆಲೆ ತೆರುವುದು ಗ್ಯಾಲರಿ.

2018ರ ಮುಂಬೈ ಪ್ರಸಂಗವನ್ನೂ ಇಲ್ಲೇ ಸೇರಿಸಿಕೊಳ್ಳಿ. ಅದು ರಾಷ್ಟ್ರೀಯ ತಂಡದ ಇಂಟರ್‌ಕಾಂಟಿನೆಂಟಲ್ ಕಪ್, ದೇಶೀಯ ಟೂರ್ನಿಯಲ್ಲ, ಆದರೂ ಉಪಯೋಗಕ್ಕೆ ಬರುತ್ತದೆ. ಭಾರತ ಚೈನೀಸ್ ತೈಪೆಯನ್ನು 5-0ಯಿಂದ ಸೋಲಿಸಿದಾಗ ಬಂದವರು 2,569. ತಂಡದ ನಾಯಕ ಸುನಿಲ್ ಚೆಟ್ರಿ ವಿಡಿಯೊದಲ್ಲಿ, ಬೈಯುವುದಾದರೂ ಮೈದಾನಕ್ಕೆ ಬಂದು ಬೈಯಿರಿ ಎಂದು ಕೈಮುಗಿದು ಕೇಳಿಕೊಂಡರು. ಮುಂದಿನ ಪಂದ್ಯ ಕೀನ್ಯಾ ವಿರುದ್ಧ, ಅವರ ನೂರನೆಯದು, ಟಿಕೆಟ್ಟೆಲ್ಲ ಖರ್ಚಾದವು. ಜನರಿಗೆ ಮನಸ್ಸಿದೆ ಎಂಬುದಕ್ಕೆ ಇದು ಸಾಕ್ಷಿ. ಪ್ರತಿ ಪಂದ್ಯಕ್ಕೂ ಒಬ್ಬ ನಾಯಕ ಕೈಮುಗಿಯಬೇಕಾಗಿ ಬಂದರೆ ಮಾತ್ರ ವ್ಯವಸ್ಥೆಯಲ್ಲೇ ದೋಷವಿದೆ ಎಂದರ್ಥ.

ಬೇರೆಯವರು ಏನು ಮಾಡಿದರು

ಚಿಕ್ಕದಾಗಿ ಹೇಳಿಬಿಡುತ್ತೇನೆ. ಜರ್ಮನಿಯ ಕಪ್‌ನಲ್ಲಿ ಮೊದಲ ಸುತ್ತಿನಲ್ಲಿ ಹವ್ಯಾಸಿ ಕ್ಲಬ್ಬಿನ ಊರಿಗೇ ದೊಡ್ಡ ಕ್ಲಬ್ ಹೋಗಬೇಕು. ಫ್ರಾನ್ಸಿನಲ್ಲೂ ಎರಡು ದರ್ಜೆ ಕೆಳಗಿನ ತಂಡಕ್ಕೆ ತನ್ನ ಮೈದಾನದಲ್ಲೇ ಆಡುವ ಹಕ್ಕು. ಅಲ್ಲಿನ ಕಲೇ ಎಂಬ ಬಂದರು ಪಟ್ಟಣದ ಹವ್ಯಾಸಿ ತಂಡ 2000ದಲ್ಲಿ ಫೈನಲ್‌ವರೆಗೂ ಹೋಗಿತ್ತು (ನಮ್ಮದೂ ಬಂದರು ಪಟ್ಟಣ, ಓದುವಾಗ ಮೈ ಜುಮ್ಮೆಂದಿತು). ಸ್ಪೇನ್ 2019-20ರಿಂದ ಆರಂಭದ ಸುತ್ತುಗಳನ್ನು ಒಂದೇ ಪಂದ್ಯಕ್ಕೆ ಇಳಿಸಿತು, ಅದೂ ಕೆಳ ದರ್ಜೆಯ ತಂಡದ ಊರಿನಲ್ಲಿ. ಇಂಗ್ಲೆಂಡ್ ಮಾತ್ರ ತಿರುಗುಮುರುಗಾಗಿ ನಡೆದು 2024-25ರಿಂದ ಎಫ್‌ಎ ಕಪ್‌ನ ಮುಖ್ಯ ಸುತ್ತುಗಳಲ್ಲಿ ಮರುಪಂದ್ಯಗಳನ್ನು ತೆಗೆದುಹಾಕಿತು. ಚಿಕ್ಕ ಕ್ಲಬ್ಬು ದೊಡ್ಡ ಕ್ಲಬ್ಬಿನೊಡನೆ ಡ್ರಾ ಮಾಡಿಕೊಂಡರೆ ಮರುಪಂದ್ಯದ ಟಿಕೆಟ್ ಹಣದಲ್ಲಿ ವರ್ಷದ ಸಾಲ ತೀರಿಸಿಕೊಳ್ಳುತ್ತಿತ್ತು; ಆ ದಾರಿ ಮುಚ್ಚಿತು. ನನ್ನ ಪ್ರಕಾರ ಅದು ತಪ್ಪು ನಿರ್ಧಾರ.

ಅಂದಹಾಗೆ, 2025ರ ಡ್ಯುರಾಂಡ್‌ನಲ್ಲಿ ದೊಡ್ಡ ಕ್ಲಬ್ಬುಗಳು ಬಿಟ್ಟುಹೋದ ಜಾಗದಲ್ಲಿ ಡೈಮಂಡ್ ಹಾರ್ಬರ್ ಎಂಬ ತಂಡ ಮೊದಲ ಸಲಕ್ಕೇ ಸೆಮಿಫೈನಲ್‌ನಲ್ಲಿ ಈಸ್ಟ್ ಬೆಂಗಾಲನ್ನು ಸೋಲಿಸಿ ಫೈನಲ್ ತಲುಪಿತು. ಅಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ ಕೈಯಲ್ಲಿ 1-6ರಿಂದ ಸೋತಿತು ಅನ್ನುವುದು ಬೇರೆ ಮಾತು.

ಬರುವ ಶನಿವಾರಕ್ಕೆ

ಮಳೆಗಾಲಕ್ಕೆ ಮುಂಚೆ ನಿಮ್ಮ ನಿಮ್ಮ ಊರಿನಲ್ಲಿ ಒಂದಾದರೂ ಪಂದ್ಯಾವಳಿ ಇರುತ್ತದೆ. ಶಿರಸಿ ಕಡೆಯವರು ವಾಲಿಬಾಲ್ ಆದರೂ ಆಗಬಹುದು, ನಾಕೌಟ್ ಆಗಿದ್ದರೆ ಸಾಕು. ಮೊದಲ ಪಂದ್ಯ, ಸೆಮಿಫೈನಲ್, ಫೈನಲ್, ಮೂರು ಹೊತ್ತಿನಲ್ಲಿ ತಲೆ ಎಣಿಸಿ ಬರೆದುಕೊಳ್ಳಿ. ಆಡುತ್ತಿದ್ದ ತಂಡ ಎಷ್ಟು ದೂರದ್ದು, ಸೋತ ತಂಡದ ಕಡೆಯವರು ಎಷ್ಟು ಜನ ಉಳಿದರು ಎಂಬುದನ್ನೂ ಪಕ್ಕದಲ್ಲಿ ಗುರುತಿಸಿ. ನನ್ನ ಊರಿನ ಲೆಕ್ಕ ಆಗಲೇ ಇದೆ: ಮನೆಯ ಹುಡುಗರ ತಂಡ ಸೆಮಿಫೈನಲ್‌ನಲ್ಲಿ ಸೋತರೂ ಆ ಅಜ್ಜಿ ಎದ್ದು ಹೋಗಲಿಲ್ಲ. ರಾತ್ರಿ ಒಂದೂವರೆಗೆ ಫೈನಲ್ ಮುಗಿದು ಫಲಕ ಕೊಡುವಾಗಲೂ ಕಾಂಪೌಂಡಿನ ಪಕ್ಕದಲ್ಲೇ ನಿಂತಿದ್ದರು.