ರೀಫರ್ಬಿಶ್ಡ್ ಮಾನಿಟರ್: ಗ್ರೇಡ್ ಆಮೇಲೆ, ಗಂಟೆ ಮೊದಲು

ರೀಫರ್ಬಿಶ್ಡ್, ಅಂದರೆ ಬಳಸಿದ್ದನ್ನು ಸರಿಪಡಿಸಿ ಮತ್ತೆ ಮಾರುವ ಮಾನಿಟರ್ ಮೇಲೆ ‘ಗ್ರೇಡ್ ಎ’ ಎಂಬ ಚೀಟಿ ಇದ್ದರೆ ಅದು ಹೇಳುವುದು ಹೆಚ್ಚಾಗಿ ಹೊರಮೈಯ ಗೀರುಗಳ ಸಂಗತಿ. ಸವೆಯುವುದು ಮಾತ್ರ ಒಳಗಿನ ಬ್ಯಾಕ್‌ಲೈಟ್, ಅಂದರೆ ಪರದೆಯನ್ನು ಹಿಂದಿನಿಂದ ಬೆಳಗುವ ದೀಪ. ಎಲ್‌ಇಡಿ ಬ್ಯಾಕ್‌ಲೈಟಿನ ಬೆಳಕು ಅರ್ಧಕ್ಕೆ ಇಳಿಯಲು ಸಾಮಾನ್ಯವಾಗಿ 30,000ದಿಂದ 50,000 ಗಂಟೆ ಬೇಕೆಂದು ಲೆಕ್ಕ. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 250 ದಿನ ಉರಿದ ಕಚೇರಿ ಮಾನಿಟರ್ 5 ವರ್ಷದಲ್ಲಿ 10,000 ಗಂಟೆ ಮುಟ್ಟುತ್ತದೆ, ಚಿಂತೆಯಿಲ್ಲ. ಹಗಲೂ ರಾತ್ರಿ ಉರಿಯುವ ಕಂಟ್ರೋಲ್ ರೂಮಿನದಾದರೆ ಒಂದೇ ವರ್ಷಕ್ಕೆ 8,760 ಗಂಟೆ. ಒರೆಸಿಟ್ಟರೆ ಎರಡೂ ಒಂದೇ ಥರ ಕಾಣುತ್ತವೆ. ಕೆಲವು ಮಾದರಿಗಳ ಮೆನುವಿನಲ್ಲಿ ಇನ್ಫರ್ಮೇಶನ್ ಪುಟ ತೆರೆದರೆ ಉರಿದ ಗಂಟೆಗಳ ಲೆಕ್ಕವೇ ಸಿಗುತ್ತದೆ. ಇಲ್ಲದಿದ್ದರೆ ಹಿಂಬದಿಯ ಲೇಬಲ್‌ನಲ್ಲಿ ತಯಾರಾದ ತಿಂಗಳು, ವರ್ಷ ನೋಡಿ ಅಂದಾಜು ಮಾಡಬೇಕು.

ಬೆಳಕು ಎಷ್ಟು ಉಳಿದಿದೆ ಎಂದು ತಿಳಿಯಲು ಉಪಕರಣ ಬೇಡ. ಪರದೆ ತುಂಬ ಬಿಳಿ ಬಣ್ಣ ತೋರಿಸಿ, ಪಕ್ಕ ಬಿಳಿ ಕಾಗದ ಹಿಡಿದು, ಎರಡೂ ಸರಿಸಮ ಕಾಣುವವರೆಗೆ ಬ್ರೈಟ್‌ನೆಸ್ ಹೊಂದಿಸಿ. ಸಾಧಾರಣ ಬೆಳಕಿನ ಕೋಣೆಯಲ್ಲಿ ಬ್ರೈಟ್‌ನೆಸ್ 100ಕ್ಕೆ 30ರಿಂದ 50ರೊಳಗೆ ಹೊಂದಿದರೆ ಒಳ್ಳೆಯದು. 90 ದಾಟಿಸಬೇಕಾದರೆ ಬ್ಯಾಕ್‌ಲೈಟ್ ಬಹುಪಾಲು ಸವೆದಿದೆ. ಬಿಳಿ ಹಳದಿಗೆ ತಿರುಗಿದ್ದರೂ ಅದೇ ಸೂಚನೆ. ಸಿಸಿಎಫ್‌ಎಲ್ ದೀಪದ (ಎಲ್‌ಇಡಿಗೆ ಮೊದಲು ಬಳಸುತ್ತಿದ್ದ ಸಣ್ಣ ಟ್ಯೂಬ್‌ಲೈಟ್) ಹಳೆಯ ಮಾನಿಟರನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಡುವುದೇ ಲೇಸು.

ಪರೀಕ್ಷೆಯನ್ನು ಮಾನಿಟರ್ ತಣ್ಣಗಿದ್ದಾಗಲೇ ಶುರುಮಾಡಬೇಕು. ಮೊದಲೇ ಆನ್ ಮಾಡಿಟ್ಟು ತೋರಿಸಿದರೆ ಅರ್ಧ ಗಂಟೆ ಪ್ಲಗ್ ಕಿತ್ತಿಡಿ. ಪವರ್ ಬೋರ್ಡಿನ ಕೆಪಾಸಿಟರ್ (ವಿದ್ಯುತ್ ಹಿಡಿದಿಡುವ ಬಿಡಿಭಾಗ) ಉಬ್ಬಿದ್ದರೆ ಮಾನಿಟರ್ ಆನ್ ಆಗಲು ತಡವರಿಸುತ್ತದೆ, ಮಿನುಗುತ್ತದೆ. ಬಿಸಿಯಾದ ಮೇಲೆ ಏನೂ ಆಗದಂತೆ ನಡೆಯುತ್ತದೆ. ಕೆಪಾಸಿಟರ್ ಬದಲಿಸುವುದು ಸಣ್ಣ ಕೆಲಸ. ಪರದೆಯಲ್ಲಿ ಮೇಲಿನಿಂದ ಕೆಳಗೆ ಗೆರೆ ಬಿದ್ದಿದ್ದು, ಅಂಚಿನ ಚೌಕಟ್ಟು ಒತ್ತಿದಾಗ ಅದು ಬಂದು ಹೋಗುತ್ತಿದ್ದರೆ ಪ್ಯಾನೆಲ್‌ನ ಜೋಡಣೆಯೇ ಬಿಟ್ಟಿದೆ. ಅದಕ್ಕೆ ರಿಪೇರಿ ಗಿಟ್ಟುವುದಿಲ್ಲ.

ಆಮೇಲೆ ಪೂರ್ತಿ ಪರದೆಗೆ ಒಂದೊಂದೇ ಬಣ್ಣ ತುಂಬಿಸಿ ನೋಡಿ. ಕಪ್ಪಿನಲ್ಲಿ ಸದಾ ಹೊಳೆಯುವ ಚುಕ್ಕೆ, ಬಿಳಿಯಲ್ಲಿ ಸತ್ತ ಚುಕ್ಕೆ ಕಾಣುತ್ತವೆ. ಕೆಂಪು, ಹಸಿರು, ನೀಲಿಯಲ್ಲಿ ಪ್ರತಿ ಚುಕ್ಕೆಯೊಳಗಿನ ಆಯಾ ಬಣ್ಣದ ಉಪಚುಕ್ಕೆಗಳ ದೋಷ ಬಯಲಾಗುತ್ತದೆ. ಹೆಚ್ಚಿನವರು ಬಿಟ್ಟುಬಿಡುವುದು ನಡು ಬೂದುಬಣ್ಣವನ್ನು. ವರ್ಷಗಟ್ಟಲೆ ಒಂದೇ ಕಡೆ ನಿಂತಿದ್ದ ಟಾಸ್ಕ್‌ಬಾರಿನ ನೆರಳು, ಒತ್ತಡದ ಕಲೆ, ಅಂಚಿನ ಮಬ್ಬು ಎಲ್ಲ ಕಾಣುವುದು ಅಲ್ಲೇ. ಕಪ್ಪಿನಲ್ಲಿ ಮೂಲೆ ಬೆಳಗಿದರೆ ತಲೆಯನ್ನು ಆಚೀಚೆ ಸರಿಸಿ ನೋಡಿ: ನೋಟದ ಕೋನದೊಂದಿಗೆ ಬದಲಾದರೆ ಐಪಿಎಸ್ ಎಂಬ ಬಗೆಯ ಪ್ಯಾನೆಲ್‌ನ ಸಹಜ ಗುಣ, ಅಲ್ಲೇ ನಿಂತರೆ ಬೆಳಕಿನ ಸೋರಿಕೆ. ಕೊನೆಗೆ ಬ್ರೈಟ್‌ನೆಸ್ 20ಕ್ಕೆ ಇಳಿಸಿ ಫೋನ್ ಕ್ಯಾಮೆರಾದಲ್ಲಿ ನೋಡಿ. ದಪ್ಪ ಪಟ್ಟಿಗಳು ಓಡುತ್ತಿದ್ದರೆ ಬೆಳಕು ವೇಗವಾಗಿ ಆರಿ ಹೊತ್ತುತ್ತಿದೆ ಎಂದರ್ಥ; ಕೆಲವರಿಗೆ ಇದರಿಂದ ತಲೆನೋವು ಬರುತ್ತದೆ.

ಗಾತ್ರಕ್ಕೆ ಮರುಳಾಗಬೇಡಿ. 24 ಇಂಚಿನ 1920×1080 ಪರದೆಯಲ್ಲಿ ಇಂಚಿಗೆ ಸುಮಾರು 92 ಪಿಕ್ಸೆಲ್; ಅದೇ ರೆಸಲ್ಯೂಶನ್ 27 ಇಂಚಿನಲ್ಲಿ 82ಕ್ಕೆ ಇಳಿದು ಅಕ್ಷರ ಒರಟಾಗುತ್ತದೆ. 27 ಇಂಚಿಗೆ 2560×1440 ಇರಲಿ. ಆದರೆ ಕೇಬಲ್ ಚುಚ್ಚುವ ಕಿಂಡಿಯನ್ನೂ ನೋಡಬೇಕು: ಹಳೆಯ ಸಿಂಗಲ್ ಲಿಂಕ್ ಡಿವಿಐ 60 ಹರ್ಟ್ಜ್‌ನಲ್ಲಿ (ಸೆಕೆಂಡಿಗೆ 60 ಚಿತ್ರ) 1920×1200 ದಾಟುವುದಿಲ್ಲ, ಎಚ್‌ಡಿಎಂಐ 1.4ರಲ್ಲಿ 4ಕೆ ಚಿತ್ರ 30 ಹರ್ಟ್ಜ್‌ಗೆ ನಿಲ್ಲುತ್ತದೆ. ಹಾಗಾಗಿ ಡಿಸ್‌ಪ್ಲೇಪೋರ್ಟ್ ಇರುವುದನ್ನೇ ಹುಡುಕಿ, ಅದನ್ನು ಕೇಬಲ್ ಹಾಕಿ ಪರೀಕ್ಷಿಸಿ. ಸ್ಟ್ಯಾಂಡ್ ಕಾಣೆಯಾಗಿದ್ದರೆ ಹಿಂಬದಿಯಲ್ಲಿ 100×100 ಮಿ.ಮೀ. ಅಂತರದ ನಾಲ್ಕು ತೂತುಗಳಿವೆಯೇ ನೋಡಿ. ಎಂ4 ಸ್ಕ್ರೂ ಹಾಕಿ ಬೇರೆ ತೋಳು ಕೂರಿಸಬಹುದು. ಸಾಗಿಸುವಾಗ ಮಾನಿಟರ್ ನೆಟ್ಟಗೇ ನಿಂತಿರಲಿ.